ನಮ್ಮ ಮನೆಯ ಸರ್ಕಾರಿ ಹೋರಿ

ಸರ್ಕಾರ ಕೊಡುವುದನ್ನು ಬೇಡವೆನ್ನುವ ಎದೆಗಾರಿಕೆ ನನಗೆ ಎಂದೂ ಬಂದಿಲ್ಲ. ಕೊಡುವವರೇ ಅಪರೂಪ, ಅಂಥವರು ಬಾಗಿಲಿಗೆ ಬಂದಾಗ ಯಾಕೆ, ಏನು ಎಂದು ಕೇಳಿ ಮನಸ್ಸು ನೋಯಿಸಬಾರದು ಎಂಬುದು ನನ್ನ ಮತ. ಯುದ್ಧದ ಆ ದಿನಗಳಲ್ಲಿ ಊರಿನ ದನಗಳ ತಳಿ ಸುಧಾರಿಸಲೆಂದು ರಾಯಚೂರಿನಿಂದ ಒಳ್ಳೆಯ ಹೋರಿಗಳು ಬರುತ್ತಿದ್ದವು. ಸಾಕುವ ರೈತನಿಗೆ ತಿಂಗಳು ತಿಂಗಳು ಮೇವಿನ ಸಹಾಯಧನ. ಮಾನ್ವಿಯಲ್ಲಿ ಶಾಲಾ ಮಾಸ್ತರನಾಗಿದ್ದ ನಾನು ಹೇಗೆ ರೈತನಾದೆ ಎಂದರೆ, ಹಿರೇಕೊಟ್ನೆಕಲ್ಲಿನಲ್ಲಿ ಅಜ್ಜನ ಕಾಲದ ಹೊಲವೊಂದು ನನ್ನ ಹೆಸರಿನಲ್ಲಿತ್ತು. ಅದನ್ನು ಪಾಲಿಗೆ ಮಾಡಿ ಉತ್ತು ಬಿತ್ತುತ್ತಿದ್ದವನು ಶಿವಪ್ಪ. ಆದರೆ ಹೊಲ ಅವನ ಹೆಸರಿನಲ್ಲಿರಲಿಲ್ಲವಾದ್ದರಿಂದ ಕಚೇರಿಯ ಕಣ್ಣಿಗೆ ಅವನು ರೈತನಲ್ಲ, ನಾನು ರೈತ. ಅವನೂ ಹೋರಿ ಕೇಳಿದ್ದ. ಸಿಕ್ಕಿದ್ದು ನನಗೆ.

ಹೋರಿ ಬಂದ ದಿನವೇ ನಮ್ಮವ್ವ ಅದಕ್ಕೆ ಆರತಿ ಎತ್ತಿ, ಹಣೆಗೆ ಗೋಪಿಚಂದನ ಹಚ್ಚಿದಳು. ಆಮೇಲೆ ಹತ್ತಿಕಾಳು, ಬೆಲ್ಲ, ನೈವೇದ್ಯದ ಹೋಳಿಗೆ. ಸಹಾಯಧನ ಸಾಲದೆ ಅದು ನನ್ನ ಸಂಬಳಕ್ಕೂ ಬಾಯಿ ಹಾಕಿತು. ತಿಂದು ತಿಂದು ಗುಡ್ಡದಂತಾಗಿ, ಎದ್ದು ನಿಲ್ಲುವುದಕ್ಕೂ ಯೋಚಿಸತೊಡಗಿತು. ಶಿವಪ್ಪ ಅಷ್ಟು ದೂರದಿಂದ ತನ್ನ ಆಕಳನ್ನು ನಡೆಸಿಕೊಂಡು ಬಂದರೆ, ಹೋರಿ ಕಣ್ಣು ತೆರೆದು ನೋಡಿತು. ಮತ್ತೆ ಮುಚ್ಚಿ ಮೆಲುಕು ಹಾಕಿತು. ಬೇರೆಯವರ ಆಕಳುಗಳಿಗೂ ಅದೇ ಮರ್ಯಾದೆ. ಹೋದ ಜನ್ಮದಲ್ಲಿ ಇದು ಸನ್ಯಾಸಿಯಾಗಿದ್ದಿರಬೇಕೆಂದು ಅವ್ವ ಅದರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಶಿವಪ್ಪನಿಗೆ ಮಾತ್ರ ನಗು ಬರಲಿಲ್ಲ. ಅವನ ಎತ್ತುಗಳಿಗೆ ವಯಸ್ಸಾಗಿತ್ತು. ಆ ಆಕಳಿಗೆ ಗಂಡುಗರು ಹುಟ್ಟಿದರೆ ತಾನೇ ಅವನ ಮುಂದಿನ ಬೇಸಾಯ?

ಅಷ್ಟರಲ್ಲಿ ದೇವದುರ್ಗದ ಕಡೆಯ ಹೋರಿಗಳನ್ನು ನೋಡಿಕೊಂಡು ದನದ ದವಾಖಾನೆಯ ಸಾಹೇಬರು ಬಂದರು. ಅಲ್ಲಿನವುಗಳ ಎಲುಬೆಲ್ಲ ಕಾಣುತ್ತಿದ್ದವಂತೆ. ನಮ್ಮದರ ಬೆನ್ನು ತಟ್ಟಿ, ಇಂಥ ರೈತ ಜಿಲ್ಲೆಯಲ್ಲೇ ಇಲ್ಲವೆಂದು ನನ್ನನ್ನು ಹೊಗಳಿ, ಸಹಾಯಧನವನ್ನೂ ಹೆಚ್ಚಿಸಿ ಹೋದರು. ಕರುಗಳ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೋಡೆಯ ಪಕ್ಕ ನಿಂತು ಎಲ್ಲವನ್ನೂ ಕೇಳಿದ ಶಿವಪ್ಪ ಮೆಲ್ಲಗೆ ಹತ್ತಿರ ಬಂದ.

“ಮಾಸ್ತರ್ರೀ, ಹೋರಿ ನಿಮ್ಮ ಹೆಸರಿಲೇ ಇರ್ಲಿ. ಮೇಯಾಕ ಮಾತ್ರ ನಮ್ಮೂರಿಗಿ ಕಳಸ್ರಿ.”

ನಾನು ಗಂಭೀರವಾಗಿ ಆಲೋಚಿಸುತ್ತಿರುವಾಗಲೇ ಒಳಗಿನಿಂದ ನನ್ನ ಹೆಂಡತಿಯ ತೀರ್ಪು ಬಂತು: “ಹೋರಿ ಜೋಡಿ ಮೇವಿನ ರೊಕ್ಕಾನೂ ಕಳಸ್ರಿ.”

ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಅವ್ವ ಅತ್ತಳು. ಹಿರೇಕೊಟ್ನೆಕಲ್ಲಿನಲ್ಲಿ ಗೋಪಿಚಂದನ ಹೋಗಿ ವಿಭೂತಿ ಬಂತು, ಹೋಳಿಗೆ ಹೋಗಿ ಜೋಳದ ಕಣಿಕೆ ಬಂತು. ದಿನಾ ಹಳ್ಳದವರೆಗೆ ನಡೆದು ಬೊಜ್ಜು ಕರಗಿಸಿಕೊಂಡ ಸನ್ಯಾಸಿ ಸಂಸಾರಕ್ಕೆ ಇಳಿಯಿತು. ಮರುವರ್ಷ ಶಿವಪ್ಪನ ಆಕಳು ಗಂಡುಗರು ಹಾಕಿತು. ಊರಲ್ಲಿ ಇನ್ನೂ ಹಲವು ಮನೆಗಳ ಕೊಟ್ಟಿಗೆ ತುಂಬಿತು.

ಕರುಗಳ ಸುದ್ದಿ ಕೇಳಿ ಸಾಹೇಬರು ಈ ಸಲ ನೇರವಾಗಿ ಆ ಊರಿಗೇ ಹೋಗಿದ್ದರು. ಕರುಗಳನ್ನು ನೋಡಿ ಹಿಗ್ಗಿ ಕೇಳಿದಾಗ, ಎಲ್ಲ ಮಾಸ್ತರರ ಪುಣ್ಯ ಎಂದುಬಿಟ್ಟಿದ್ದನಂತೆ ಶಿವಪ್ಪ. ಅವನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು. ಅಕ್ಕಪಕ್ಕದವರೆಲ್ಲ ಸೇರಿದ್ದರು.

“ಮಾಸ್ತರ್ ಸಾಬ್,” ಎಂದರು ಸಾಹೇಬರು ನನ್ನ ಕೈ ಹಿಡಿದು, “ಹಿರೇಕೊಟ್ನೆಕಲ್ ಕರು ಅಷ್ಟೂ ನಿಮ್ದೇ ಮೆಹರ್ಬಾನಿ.”

ಶಿವಪ್ಪ ಆಕಾಶ ನೋಡಿದ. ಬಾಗಿಲ ಹಿಂದೆ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿದ್ದಿ ಹೇಳಬೇಕೆಂದು ನಾನು ಬಾಯಿ ತೆರೆದದ್ದು ನಿಜ. ಆದರೆ ಅಷ್ಟು ಜನರ ಮುಂದೆ ಏನೆಂದು ತಿದ್ದುವುದು? ತಲೆಬಾಗಿ ಕೈಮುಗಿದೆ.