ಕೈ ತೋರಿಸಿದವರು, ಕೈ ಮುಗಿದವರು

ನಾವು ಎಚ್ಚರದಿಂದಿದ್ದರೆ ರಸ್ತೆಯಲ್ಲಿ ಏನೂ ಆಗುವುದಿಲ್ಲವೆಂದು ನಂಬಿದ್ದ ಕಾಲ ನನಗೂ ಒಂದಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಮೊಪೆಡ್ ಕೊಂಡ ಮೇಲೆ ತಿಳಿದದ್ದಿಷ್ಟು: ಎಚ್ಚರ ನಮ್ಮೊಬ್ಬರದು, ರಸ್ತೆ ಎಲ್ಲರದು. ಹಾಗಾಗಿ ಏನಾದರೊಂದು ಆಗುತ್ತಲೇ ಇರುತ್ತದೆ.

ಮನೆ ತುಮಕೂರಿನ ಮರಳೂರಿನಲ್ಲಿ, ಕೆಲಸ ಗುಬ್ಬಿಯ ಕಾಲೇಜೊಂದರಲ್ಲಿ. ಬಸ್ಸು ತಪ್ಪಿದರೆ ಮೊದಲ ತರಗತಿ ತಪ್ಪುತ್ತಿತ್ತು. ನನ್ನ ಹುದ್ದೆಯೋ ಇನ್ನೂ ಖಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರು ಎಚ್ಚರಿಸಿಯೂ ಆಗಿತ್ತು. ಮೊಪೆಡ್ಡಿಗೆ ಒಪ್ಪಿಗೆ ಕೊಡುವಾಗ ಅತ್ತೆ ಒಂದೇ ಷರತ್ತು ಹಾಕಿದ್ದರು: "ಒಂದ್ಸಲ ಬಿದ್ದು ಬಂದ್ಯೋ, ಮಾರನೇ ದಿನಾನೇ ಗಾಡಿ ಮಾರಿಸ್ತೀನಿ." ಬೀಳದಿದ್ದರೆ ಗಾಡಿ, ಗಾಡಿಯಿದ್ದರೆ ಕೆಲಸ ಎಂಬ ಸರಳ ತರ್ಕದ ಮೇಲೆ ನನ್ನ ಸವಾರಿ ಆರಂಭವಾಯಿತು.

ಪುಸ್ತಕದ ಕೈ

ಲೈಸೆನ್ಸಿನ ಪರೀಕ್ಷೆಗಾಗಿ ನಿಯಮಗಳ ಪುಸ್ತಕವನ್ನು ಎಂ.ಎ. ಪರೀಕ್ಷೆಗಿಂತ ಹೆಚ್ಚಿನ ಶ್ರದ್ಧೆಯಿಂದ ಓದಿದ್ದೆ. ಬಲಕ್ಕೆ ತಿರುಗುವುದಕ್ಕೊಂದು ಕೈ, ನಿಲ್ಲುವುದಕ್ಕೊಂದು ಕೈ, ಹಿಂದಿನವರನ್ನು ಮುಂದಕ್ಕೆ ಬಿಡುವುದಕ್ಕೊಂದು ಕೈ, ಎಲ್ಲವನ್ನೂ ಬ್ರೇಕ್ ಇನ್‌ಸ್ಪೆಕ್ಟರ್ ಎದುರು ತಪ್ಪಿಲ್ಲದೆ ತೋರಿಸಿದೆ. ಅವರ ಮುಖದಲ್ಲಿ ಮೆಚ್ಚುಗೆಗಿಂತ ಮರುಕವೇ ಹೆಚ್ಚಾಗಿ ಕಂಡಿತು.

"ಎಲ್ಲಿ ಕಲಿತ್ರಿ ಮೇಡಂ?"

"ಪುಸ್ತಕದಲ್ಲಿ ಸಾರ್."

"ಹಿಂದೆ ಬರೋನೂ ಅದೇ ಪುಸ್ತಕ ಓದಿರ್ಬೇಕಲ್ಲ," ಎಂದು ಪಾಸು ಮಾಡಿದರು.

ಆ ವಾರವೇ ಮನೆಯ ಕಡೆಗೆ ತಿರುಗಲು, ವೇಗ ತಗ್ಗಿಸಿ, ಬಲಗೈಯನ್ನು ನೇರವಾಗಿ ಚಾಚಿದೆ. ಹಿಂದಿದ್ದ ಬಸ್ಸು ಕಿರ್ರೆಂದು ನನ್ನ ಪಕ್ಕದಲ್ಲೇ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ: "ಎಲ್ಲಿಗಮ್ಮಾ? ಬೇಗ ಹೇಳಿ, ಗಾಡೀನ ಟಾಪ್ ಮೇಲೆ ಹಾಕ್ಬೇಕಾ?"

ಹುರುಳಿಗೆ ಬೇಕಾದ ತೂಕ

ಗುಬ್ಬಿಯ ರಸ್ತೆಯಲ್ಲಿ ಸುಗ್ಗಿ ಬಂದರೆ ಕಣ ಮಾಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕಿತ್ತ ಹುರುಳಿ ಗಿಡವನ್ನು ಡಾಂಬರಿನ ಮೇಲೆ ಹರಡಿದರೆ ಸರ್ಕಾರದ ಬಸ್ಸುಗಳೇ ಒಕ್ಕಣೆ ಮಾಡಿಕೊಡುತ್ತಿದ್ದವು. ಒಣಗಿದ ಗಿಡದ ಮೇಲೆ ಮೊಪೆಡ್ಡಿನ ಚಕ್ರ ಸೋಪಿನ ಮೇಲೆ ಹೋದಂತೆ ಜಾರುತ್ತಿತ್ತು. ಬಿದ್ದರೆ ಗಾಡಿಯೂ ಇಲ್ಲ, ಕೆಲಸವೂ ಇಲ್ಲ ಎಂದು ನೆನೆಯುತ್ತ, ಎರಡೂ ಕಾಲು ನೆಲಕ್ಕೂರಿ, ಅಂಚಿನಲ್ಲಿ ತೆವಳುತ್ತಿದ್ದೆ. ಗಿಡ ತಿರುವಿ ಹಾಕುತ್ತಿದ್ದ ಅಜ್ಜಿಗೆ ಅದು ಸರಿಬೀಳಲಿಲ್ಲ.

"ಯಾಕವ್ವಾ ಅಂಚ್ನಾಗೆ ಹೋಯ್ತೀಯಾ? ಮಧ್ಯದಾಗೆ ಹೋಗು, ಒಸಿ ಕಾಯಿ ಉದುರ್ಲಿ."

"ಜಾರುತ್ತೆ ಕಣಜ್ಜಿ."

ಅಜ್ಜಿ ನನ್ನನ್ನೂ ಗಾಡಿಯನ್ನೂ ಅಳೆದು ನೋಡಿ, "ಬುಡು ಅತ್ಲಾಗೆ, ನಿನ್ ಗಾಡೀಲಿ ತೂಕ ಇಲ್ಲ," ಎಂದಳು.

ಗಿಡ ಚದುರದಿರಲೆಂದು ಸುತ್ತಲೂ ತಲೆಗಾತ್ರದ ಕಲ್ಲುಗಳನ್ನು ಜೋಡಿಸಿದ್ದರು. ಸುಗ್ಗಿ ಮುಗಿದು ಹುರುಳಿ ಮನೆ ಸೇರಿತು. ಕಲ್ಲುಗಳು ರಸ್ತೆಯಲ್ಲೇ ಉಳಿದವು. ಯಾರಾದರೂ ಎಡವಿ ಬಿದ್ದಾರು, ತೆಗೆಸಿ ಎಂದು ಕೇಳಿದ್ದಕ್ಕೆ ಅಜ್ಜಿಗೆ ನನ್ನ ವಿದ್ಯೆಯ ಮೇಲೇ ಅನುಮಾನ ಬಂತು. "ಮುಂದಿನ್ ವರ್ಸಕ್ಕೆ ಬೇಕಲ್ಲವ್ವಾ?"

ಗೀರಿಲ್ಲದ ಬಸ್ಸು

ತವರಾದ ಕುಣಿಗಲ್ಲಿಗೆ ಹೋಗುವಾಗ ಮಾತ್ರ ಮೊಪೆಡ್ ಬಿಟ್ಟು ಖಾಸಗಿ ಬಸ್ಸು ಹತ್ತುತ್ತಿದ್ದೆ. ಅದರ ಡ್ರೈವರ್ ಆ ದಾರಿಯಲ್ಲಿ ದಂತಕಥೆಯಾಗಿದ್ದರು. "ಇಷ್ಟ್ ವರ್ಷದ ಸರ್ವೀಸಲ್ಲಿ ಬಸ್ಸಿಗೆ ಒಂದ್ ಗೀರು ಬಿದ್ದಿಲ್ಲ ಕಣ್ರೀ, ಕೈಗುಣ ಅಂದ್ರೆ ಅದು," ಎಂದು ಪ್ರಯಾಣಿಕರು ಹೆಮ್ಮೆಪಡುತ್ತಿದ್ದರು. ದಂತಕಥೆಗಳನ್ನು ನಾನು ವಾದಿಸಿ ತಳ್ಳಿಹಾಕುವವಳಲ್ಲ; ಕಿಟಕಿಯ ಪಕ್ಕ ಕುಳಿತು ನೋಡುವವಳು. ಎದುರಿಗೆ ಏನೇ ಬರಲಿ, ಅವರು ಡಾಂಬರಿನ ನಡುವಿನಿಂದ ಒಂದಂಗುಲ ಸರಿಯುತ್ತಿರಲಿಲ್ಲ. ಸೈಡ್ ಕೊಡುವುದು ಅವರ ಪಾಲಿಗೆ ಸೋಲು. ಸೈಕಲ್ಲಿನವರು ಬೇಲಿಗೆ, ಎತ್ತಿನ ಗಾಡಿಗಳು ಚರಂಡಿಗೆ ಇಳಿಯುತ್ತಿದ್ದವು.

ಒಮ್ಮೆ ಬಸ್ಸು ಟೀ ಅಂಗಡಿಯ ಬಳಿ ನಿಂತಿತ್ತು. ಚರಂಡಿಗಿಳಿದು ಕೀಲು ಮುರಿದಿದ್ದ ಎತ್ತಿನ ಗಾಡಿಯನ್ನು ಮೇಲೆತ್ತುತ್ತಿದ್ದ ರೈತನಿಗೆ, ನನ್ನ ಪಕ್ಕದವರು ಕಿಟಕಿಯಿಂದಲೇ ಆ ಗೀರಿಲ್ಲದ ಕೀರ್ತಿಯನ್ನು ವರ್ಣಿಸಿದರು.

"ಹೂಂ ಸ್ವಾಮಿ," ಎಂದ ಆತ, ಗಾಡಿ ಬಿಟ್ಟು ಎತ್ತಿನ ಮಂಡಿಗೆ ಅರಿಶಿನ ಮೆತ್ತುತ್ತ. "ಅವ್ರಿಗೆಲ್ಲಾಯ್ತದೆ ಆಕ್ಸಿಡೆಂಟು? ಆಗೋದೆಲ್ಲಾ ನಮ್ಗೇಯ."

ತಿರುವಿನಮ್ಮ

ನಾನು ದಿನವೂ ಹೋಗುವ ಗುಬ್ಬಿಯ ದಾರಿಯಲ್ಲಿ ಒಂದು ಕಡಿದಾದ ತಿರುವಿತ್ತು. ತಿರುವಿನಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಕಲ್ಲು. ಕೈ ಮುಗಿಯದೆ ಹೋದವರನ್ನು ತಿರುವಿನಮ್ಮ ಮನೆ ಮುಟ್ಟಿಸುವುದಿಲ್ಲ ಎಂಬುದು ಪ್ರತೀತಿ. ಅಲ್ಲಿ ಬಿದ್ದವರನ್ನು ಸಿಕ್ಕಾಗಲೆಲ್ಲ ವಿಚಾರಿಸಿದೆ. ಕೈ ಮುಗಿಯದವರು ಒಬ್ಬರೂ ಸಿಗಲಿಲ್ಲ. ಮುಗಿಯಲು ಎರಡೂ ಕೈ ಬೇಕು, ಹ್ಯಾಂಡಲ್ ಹಿಡಿಯಲೂ ಅವೇ ಕೈ ಬೇಕು ಎಂಬುದನ್ನು ಮಾತ್ರ ಯಾರೂ ಜೋಡಿಸಿ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಆ ತಿರುವಿನಲ್ಲಿ ಲಾರಿಯೊಂದು ನೇರವಾಗಿ ನನ್ನ ಮೇಲೆಯೇ ಬಂತು. ಗಾಜಿನ ಹಿಂದೆ ಡ್ರೈವರಿನ ಕಣ್ಣು ಮುಚ್ಚಿತ್ತು, ಕೈಗಳು ಎದೆಯ ಬಳಿ ಕೂಡಿದ್ದವು. ನಾನು ಹಳ್ಳಕ್ಕೆ ಹಾರಿದೆ. ಮಣಿಕಟ್ಟು ಮುರಿಯಿತು. ಲಾರಿ ನಿಲ್ಲಿಸಿ ಓಡಿಬಂದವನು ಮೊದಲು ಕೇಳಿದ್ದು: "ಯಾಕಮ್ಮಾ, ಕೈ ಮುಗೀಲಿಲ್ವಾ?"

"ಸ್ಟೀರಿಂಗ್ ಬಿಟ್ಟೋರು ನೀವಲ್ವೇನ್ರೀ?"

"ನಾನ್ ಮುಗ್ದೆ. ಅದ್ಕೇ ನೋಡಿ, ನಂಗೇನೂ ಆಗ್ಲಿಲ್ಲ."

ಬ್ಯಾಂಡೇಜು ಕಟ್ಟಿಸಿಕೊಂಡು, ಗಾಡಿ ಹೋಯಿತೆಂದೇ ತಿಳಿದು ಮನೆಗೆ ಬಂದೆ. ಆದರೆ ಅತ್ತೆ ಮಾರುವ ಮಾತೆತ್ತಲಿಲ್ಲ. ಸುದ್ದಿ ಮುಟ್ಟಿದ ಕೂಡಲೇ, ಸೊಸೆ ಜೀವಸಹಿತ ಬಂದರೆ ಕಲ್ಲಿನ ಸುತ್ತ ಗೋಡೆ ಕಟ್ಟಿಸುವುದಾಗಿ ಅವರು ಹರಕೆ ಹೊತ್ತಿದ್ದರು. "ಇನ್ನು ನೀನು ಅಮ್ಮನ ಮಗಳು, ಧೈರ್ಯವಾಗಿ ಗಾಡಿ ಓಡಿಸ್ಕೋ."

"ಗೋಡೆ ಎದ್ರೆ ಎದುರಿಂದ ಬರೋ ಗಾಡಿ ಕಾಣಲ್ಲ ಅತ್ತೆ."

"ನಿಂಗೆ ಕಾಣದಿದ್ರೇನೇ? ಅಮ್ಮನಿಗೆ ಎರಡೂ ಕಡೆ ಕಾಣುತ್ತೆ."

ಬಿಡದೆ ವಾದಿಸಿದೆ. ಕೊನೆಗೆ ಯಜಮಾನರು ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಗೋಡೆ ಬೇಡ ಅಂದ್ರೆ ಗಾಡೀನೂ ಬೇಡ ಅಂತಾರೆ ಕಣೇ. ಯಾವ್ದು ಬೇಕು ನೋಡ್ಕೋ."

ನಾನು ನೋಡಿಕೊಳ್ಳುವಷ್ಟರಲ್ಲಿ ಗೋಡೆ ಎದ್ದಿತ್ತು, ಆಳೆತ್ತರ. ಈಗ ತಿರುವಿನಾಚೆ ಆನೆ ನಿಂತಿದ್ದರೂ ಕಾಣುವಂತಿರಲಿಲ್ಲ. ಮೂಳೆ ಕೂಡಿದ ಮೇಲೆ ನಾನೊಂದು ಕ್ರಮ ಹಿಡಿದೆ: ತಿರುವಿಗೆ ಮುಂಚೆಯೇ ಇಳಿಯುವುದು, ನಿಂತು ಸದ್ದು ಆಲಿಸುವುದು, ಅಂಚಿನಲ್ಲಿ ಮೊಪೆಡ್ ತಳ್ಳಿಕೊಂಡು ದಾಟುವುದು.

ತಿರುವಿನ ಎದುರಿಗಿದ್ದ ಟೀ ಅಂಗಡಿಯವನು ಮೆಚ್ಚಿ ಸಾರಿದ: "ನೋಡ್ರಲಾ, ಬಿದ್ದ್ ಮ್ಯಾಲೆ ಮೇಡಮ್ಮೋರ್ಗೆ ಭಕ್ತಿ ಬಂದೈತೆ. ಅಮ್ಮನ ಮುಂದೆ ಗಾಡಿ ಮ್ಯಾಲೆ ಕೂರಾಕಿಲ್ಲ."

ಕೆಲವೇ ದಿನಗಳಲ್ಲಿ ಸ್ಕೂಟರಿನವರೊಬ್ಬರು ನನ್ನ ಹಿಂದೆಯೇ ಇಳಿದು ತಳ್ಳತೊಡಗಿದರು. ಆಫೀಸಿಗೆ ಹೋಗುವವರು, ಬೆವರುತ್ತ, ಶ್ರದ್ಧೆಯಿಂದ, ತಲೆ ತಗ್ಗಿಸಿಕೊಂಡು. ಒಬ್ಬರಾದರೂ ತಿದ್ದಿಕೊಂಡರಲ್ಲ ಎಂದು ನನಗೆ ಹಿಗ್ಗಾಯಿತು. ಒಂದು ದಿನ ಅವರೇ ಮಾತಿಗಿಳಿದರು.

"ಇದು ಎಷ್ಟ್ ವಾರದ ಹರಕೆ ಮೇಡಂ?"

"ಹರಕೆ ಅಲ್ಲ ಸಾರ್. ಗೋಡೆ ಅಡ್ಡ ಇದೆ, ಎದುರಿಂದ ಬರೋ ಗಾಡಿ ಕಾಣಲ್ಲ. ಅದಕ್ಕೆ ಇಳೀತೀನಿ."

"ಓ, ಅಷ್ಟೇನಾ?" ಎಂದರು. ದಿನಗಟ್ಟಲೆ ಮೋಸಹೋದವರ ಮುಖ ಮಾಡಿಕೊಂಡು ಸ್ಕೂಟರಿಗೆ ಕಿಕ್ ಹೊಡೆದು ಹತ್ತಿದವರು, ತಿರುವಿನಲ್ಲಿ ಎರಡೂ ಕೈ ಎತ್ತಿ ಮುಗಿದು, ಗೋಡೆಯ ಆಚೆ ಮರೆಯಾದರು.