ಲ್ಯಾಪ್‌ಟಾಪಿನೊಳಗೆ ಬಿಡಾರ ಹೂಡಿದವರಿಗೆ

ಇದನ್ನು ಕೈಗೆತ್ತಿಕೊಂಡವರೇ, ಇನ್ನೊಬ್ಬರಿಗೆ ಬರೆದ ಪತ್ರ ಓದಬಾರದೆಂದು ನಿಮ್ಮ ಮನೆಯಲ್ಲಿ ಯಾರೂ ಕಲಿಸಲಿಲ್ಲವೇ? ಇರಲಿ, ಓದಿ. ಆದರೆ ಲೋಕಲ್ ರೈಲಿನಲ್ಲಿ ಪಕ್ಕದವರ ಮೊಬೈಲಿಗೆ ಕತ್ತು ಚಾಚಿದ ಹಾಗೆ ಅರ್ಧ ಓದಿ, ಸ್ಟೇಷನ್ ಬಂತೆಂದು ಇಳಿದು ಹೋಗಬೇಡಿ.

ನಮ್ಮ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರಾಗಿ ಬಂದು ಕೂತಿರುವ ಹಳೆಯ ಆಪರೇಟಿಂಗ್ ಸಿಸ್ಟಮ್ ಸಾಹೇಬರಾದ ಮಾನ್ಯರೇ, ಮುಂಬೈ ಘಾಟ್ಕೋಪರಿನ ದೇವಕ್ಕ ಮಾಡುವ ಶರಣು ಶರಣಾರ್ಥಿ. ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಅರ್ಧ ಮೆಮೊರಿ ನುಂಗಿಯೂ ಸುಖವಿಲ್ಲದಿದ್ದರೆ ಆ ತಪ್ಪು ನಮ್ಮದಲ್ಲ.

ನಾನು ಕಲಿತದ್ದು ಊರ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ತಮ್ಮನ್ನು ಕರೆಸಿದ ಕಾರಣವನ್ನು ಮಾತ್ರ ನೆಟ್ಟಗೆ ಹೇಳಬಲ್ಲೆ. ನಮ್ಮವ್ವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ನಲವತ್ತು ಪದಗಳನ್ನು ನಾನು ಹೇಳುತ್ತ ಹೋದಂತೆ ನಮ್ಮ ಮನೆಯವರು ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು, ನನಗೂ ಅರ್ಧ ಪದ ಮರೆತಿವೆ, ಈಗಿನ ಲ್ಯಾಪ್‌ಟಾಪಿನಲ್ಲಿ ಆ ಫೈಲು ತೆಗೆದರೆ ಬರೀ ಚೌಕಗಳು. ಆಗ ಮೊಮ್ಮಗಳು ಅನುರಾಧಾ, "ಅಜ್ಜಿ, ಟೆನ್ಶನ್ ನಕೊ ಘೇಊ, ಚಿಂತಿ ಮಾಡಬ್ಯಾಡ, ಇದರಾಗ ಒಂದು ಸುಳ್ಳು ಕಂಪ್ಯೂಟರ್ ಮಾಡಿ ಹಳೇ ಸಿಸ್ಟಮ್ ಹಾಕ್ತೇನಿ" ಅಂದಳು. ಕುರ್ಲಾದ ಚಾಳಿನಲ್ಲಿ ಒಂದೇ ಖೋಲಿಗೆ ಅಡ್ಡ ಸೀರೆ ಕಟ್ಟಿ ಎರಡು ಸಂಸಾರ ನಡೆಸಿದವಳಿಗೆ ಇದೇನು ಹೊಸ ವಿದ್ಯೆಯೇ?

ಒಳಗೆ ಕಾಲಿಡುವ ಮೊದಲೇ ತಾವು ಕೇಳಿದಷ್ಟು ಪ್ರಶ್ನೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಕೇಳಿರಲಿಲ್ಲ. ಎಷ್ಟು ಮೆಮೊರಿ ಕೊಡುತ್ತೀರಿ, ಎಷ್ಟು ಡಿಸ್ಕ್ ಕೊಡುತ್ತೀರಿ, ಯಾವ ಊರಿನ ಗಡಿಯಾರ ಇಡಲಿ! ತಮ್ಮ ಪಟ್ಟಿಯಲ್ಲಿ ಕೋಲ್ಕತ್ತಾ ಇದೆ, ಮುಂಬೈ ಇಲ್ಲ. ಇಷ್ಟು ಜನ ಇಲ್ಲಿ ರೈಲಿನ ಬಾಗಿಲಿಗೆ ಜೋತುಬಿದ್ದು ಓಡಾಡುವುದು ಕಣ್ಣಿಗೆ ಬೀಳದಷ್ಟು ದೊಡ್ಡದು ತಮ್ಮ ಏಕಾಗ್ರತೆ.

ನನ್ನ ತಪ್ಪನ್ನೂ ಮುಚ್ಚಿಡುವುದಿಲ್ಲ. ಅಂದು ಅಮಾವಾಸ್ಯೆ. ನಮ್ಮ ಕಡೆ ಆ ದಿನ ಎತ್ತಿನ ಹೆಗಲಿಗೂ ನೊಗ ಇಡುವುದಿಲ್ಲ, ಇನ್ನು ಹೊಸಬರನ್ನು ಮನೆ ತುಂಬಿಸಿಕೊಳ್ಳುವ ಮಾತೆಲ್ಲಿ? ತಮ್ಮ ನೀಲಿ ಪಟ್ಟಿ ನೂರಕ್ಕೆ ತೊಂಬತ್ತೆರಡು ಮುಟ್ಟಿದಾಗ ಅದು ನೆನಪಾಯಿತು. ಉಳಿದ ಎಂಟನ್ನು ನಾಳೆ ಪಾಡ್ಯಕ್ಕೆ ಮುಗಿಸಿದರಾಯಿತೆಂದು ಬಟನ್ ಒತ್ತಿಹಿಡಿದು ಲ್ಯಾಪ್‌ಟಾಪನ್ನೇ ಆರಿಸಿಬಿಟ್ಟೆ. ಮರುದಿನ ತಾವು ನಮ್ಮ ಗುರುತೇ ಇಲ್ಲದವರ ಹಾಗೆ ಸೊನ್ನೆಯಿಂದ ಶುರುಮಾಡಿ, ಮತ್ತೆ ಅದೇ ಕೋಲ್ಕತ್ತಾ ತೋರಿಸಿದಿರಿ. "ಏನ್ ಮಾಡಿದಿ ಅಜ್ಜಿ!" ಎಂದು ಅನುರಾಧಾ ಹಣೆ ಚಚ್ಚಿಕೊಂಡಳು.

ಕೊನೆಗೂ ಫೈಲು ತೆರೆಯಿತು. ಅನುರಾಧಾ ಪರದೆಯ ಫೋಟೋ ತೆಗೆದಳು, ಪದಗಳು ಉಳಿದವು, ತಮಗೆ ನಮಸ್ಕಾರ. ಆದರೆ ಇಪ್ಪತ್ತಮೂರನೇ ಪದದ ಕೆಳಗೆ ನಮ್ಮವರು ಬರೆದಿದ್ದಾರೆ: "ಕೊನೇ ಸಾಲು ದೇವಕ್ಕಗ ನೆನಪಿಲ್ಲ. ಮತ್ತೊಮ್ಮೆ ಕೇಳಬೇಕು."

ನೆನಪಿತ್ತು ಸಾಹೇಬರೇ. ಅಂದು ಗಿರಣಿಯಿಂದ ಜೋಳದ ಹಿಟ್ಟು ತರಲಿಲ್ಲವೆಂದು ಜಗಳವಾಗಿ, ಬೇಕೆಂದೇ ಹೇಳಿರಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಆ ಸಾಲನ್ನು ಅವರು ಜಾಗ ಬಿಟ್ಟಲ್ಲೇ ನನ್ನ ಕೈಯಾರೆ ಬರೆಯಬೇಕು. ಯಾವ ಗುಂಡಿಯಲ್ಲಿ ಯಾವ ಅಕ್ಷರ ಅಡಗಿದೆಯೆಂಬುದು ಅವರಿಗಷ್ಟೇ ಗೊತ್ತಿತ್ತು. ಅನುರಾಧಾಗೆ ಕನ್ನಡ ಓದಲು ಬಾರದು. ಎರಡು ವಾರದಲ್ಲಿ ನನಗೆ ಮೂರು ಅಕ್ಷರ ಸಿಕ್ಕಿವೆ, ತಾವೋ ಮೂಲೆಯಲ್ಲಿ "ಮೂವತ್ತು ದಿನ ಮಾತ್ರ" ಎಂದು ನೋಟಿಸು ಹಚ್ಚಿ ದಿನ ಕಳೆಯುತ್ತಿದ್ದೀರಿ. ಆದ್ದರಿಂದ ವಾಯಿದೆ ಬೆಳೆಸಿ. ಇಲ್ಲವೇ, ಇಲ್ಲದ ಕಂಪ್ಯೂಟರಿನಲ್ಲಿ ಇದ್ದವರ ಹಾಗೆ ಕೂರಬಲ್ಲ ತಾವು, ಇಲ್ಲದ ಮನುಷ್ಯರೊಬ್ಬರನ್ನು ಅರ್ಧ ಗಂಟೆ ನನ್ನ ಪಕ್ಕದಲ್ಲಿ ಕೂರಿಸಿ. ಗುಂಡಿ ತೋರಿಸಿ ಹೋಗಲಿ, ಹಿಟ್ಟಿನ ಮಾತು ನಾನು ತೆಗೆಯುವುದಿಲ್ಲ.

ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಲಿ. ಇದು ವಿನಂತಿಯಲ್ಲ, ಅಪ್ಪಣೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾದ
ದೇವಕ್ಕ

ತಾ.ಕ.: ತಮ್ಮ ಮೂವತ್ತು ದಿನ ಮುಗಿಯುವುದು ಮತ್ತೆ ಅಮಾವಾಸ್ಯೆಗೇ. ಆ ದಿನ ನಮ್ಮ ಮನೆಯಿಂದ ಯಾರನ್ನೂ ಹೊರಗೆ ಕಳಿಸುವ ಪದ್ಧತಿಯಿಲ್ಲ. ಸುಮ್ಮನೆ ಕೂತಿರಿ, ಬಟನ್ ಎಲ್ಲಿದೆಯೆಂದು ನನಗೆ ಗೊತ್ತು.