ಒತ್ತಿ ಹೇಳುವ ಪಾಠ

ಇಂಗ್ಲಿಷ್ ಮಾತು ಕಲಿಸುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಮ್ಮೆ ಅದೇ ಬಂದು ಬಾಗಿಲು ತಟ್ಟುತ್ತದೆ.

ಬೆಂಗಳೂರಿನಲ್ಲಿ ಕಾಲೇಜು ಮೇಷ್ಟ್ರಾಗಿದ್ದೆ. ಈಗ ಅಮೆರಿಕದ ರೆಡ್ಮಂಡಿನ ಎಜುಕೇಶನ್ ಹಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಪಾಠ. ಅಷ್ಟು ಹೊತ್ತು ಮಗಳ ಕಾರು ಮಳೆಯಲ್ಲಿ ನೆನೆಯುತ್ತದೆ.

"ಮನೇಲಿ ಹೂಂ, ಊಹೂಂ ಬಿಟ್ರೆ ಮಾತಿಲ್ಲ. ಗ್ಯಾರೇಜಲ್ಲಿ ಮಾತು ಕಲಿಸ್ತಾರಂತೆ," ಎಂದಳು ನನ್ನ ಹೆಂಡತಿ.

"ಹೂಂ," ಎಂದೆ.

ವಿದ್ಯಾರ್ಥಿಗಳು ಇಬ್ಬರು. ಒಬ್ಬ ಬೆಂಗಳೂರಿನ ಇಂಜಿನಿಯರ್. ಇನ್ನೊಬ್ಬರು ಮೈಸೂರಿನ ಫಾರ್ಮಸಿಸ್ಟ್ ಮೇಡಂ. ಇಬ್ಬರ ಇಂಗ್ಲಿಷಿನಲ್ಲೂ ತಪ್ಪಿಲ್ಲ. ಆದರೆ ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ ಹೇಳುತ್ತಾರೆ. ಇಲ್ಲಿಯವರು ಹಾಗಲ್ಲ. ಮುಖ್ಯವಾದ ಪದ ಒತ್ತುತ್ತಾರೆ, ಉಳಿದದ್ದು ನುಂಗುತ್ತಾರೆ. ಒತ್ತು ಇಲ್ಲದಿದ್ದರೆ ಇವರಿಗೆ ಮಾತು ಕಿವಿಗೇ ಹೋಗುವುದಿಲ್ಲ.

ಮೇಡಂಗೆ ಇದು ಹೊಟ್ಟೆಪಾಡಿನ ವಿಷಯ. ಇಲ್ಲಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಶೋರ್‌ಲೈನ್‌ನ ಒಂದು ಔಷಧಿ ಅಂಗಡಿ ಸೇರಿದ್ದರು. ಕೌಂಟರಿಗೆ ಬಿಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಬಾಟಲಿ ತುಂಬುವ ಕೆಲಸ. "ಗಿರಾಕಿಗಳಿಗೆ ನಿಮ್ಮ ಮಾತು ಅರ್ಥವಾಗಬೇಕು. ತಿಂಗಳ ಕೊನೆಗೆ ಒಂದು ದಿನ ಕೌಂಟರಿನಲ್ಲಿ ನಿಲ್ಲಿಸಿ ನೋಡುತ್ತೇನೆ. ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ," ಎಂದಿದ್ದಳು ಮ್ಯಾನೇಜರ್.

"ಮೈಸೂರಲ್ಲಿ ನನ್ನ ಕೌಂಟರ್ ಮುಂದೆ ಕ್ಯೂ ಇರ್ತಿತ್ತು ಸಾರ್," ಎಂದರು ಮೇಡಂ. "ಇಲ್ಲಿ ಬಾಟಲಿಗಳ ಜೊತೆ ಮಾತಾಡ್ತೀನಿ."

"ಶುರು ಮಾಡೋಣ," ಎಂದೆ.

ತಾಳ

ಒತ್ತು ಬರುವ ಪದಕ್ಕೆ ಮೇಜು ತಟ್ಟಿ ಎಂದೆ. ಇಂಜಿನಿಯರ್ ಚಿಕ್ಕಂದಿನಲ್ಲಿ ಮೃದಂಗ ಕಲಿತವನು. ಮೇಜು ಬಿಟ್ಟ. ತೊಡೆ ತಟ್ಟಿ, ಬೆರಳು ಮಡಿಸಿ, ಆದಿತಾಳ ಹಾಕಿಕೊಂಡು ವಾಕ್ಯ ಹೇಳಿದ. ಚೆನ್ನಾಗಿಯೇ ಬಂತು. ಹಾಗೇ ಮುಂದುವರಿಸು ಎಂದೆ.

ಆ ವಾರ ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಬಸ್ಸು ನಿಂತಿತ್ತಂತೆ. ಇದು ರೆಡ್ಮಂಡಿಗೆ ಹೋಗುತ್ತಾ ಎಂದು ಡ್ರೈವರನ್ನು ತಾಳ ಹಾಕಿ ಕೇಳಿದ. ಡ್ರೈವರಿಗೆ ಮೊದಲ ಸಲಕ್ಕೇ ಅರ್ಥವಾಯಿತು. "ಹೌದು, ಹತ್ತಿಕೊಳ್ಳಿ," ಎಂದನಂತೆ.

"ಹತ್ತಿದೆಯಾ?" ಎಂದೆ.

"ತಾಳದ ಆವರ್ತ ಮುಗಿದಿರ್ಲಿಲ್ಲ ಸಾರ್. ಮುಗಿಸಿ ತಲೆ ಎತ್ತಿದೆ. ಬಸ್ಸು ಹೋಗಿತ್ತು."

ಮೈಸೂರು ಪಾಕ್

ಇಂಜಿನಿಯರ್ ಪಾಠಕ್ಕೆ ಸೇರಿದ್ದಕ್ಕೂ ಕಾರಣವಿತ್ತು. ಆಫೀಸಿನ ಮೀಟಿಂಗಿನಲ್ಲಿ ಎದ್ದು ಒಂದೇ ಉಸಿರಿನಲ್ಲಿ ಎರಡು ಸುದ್ದಿ ಹೇಳಿದ್ದ. "ಸರ್ವರ್ ಬಿದ್ದುಹೋಗಿದೆ. ನನ್ನ ಹೆಂಡತಿ ಮೈಸೂರು ಪಾಕ್ ಕಳಿಸಿದ್ದಾಳೆ." ಎರಡಕ್ಕೂ ಒಂದೇ ದನಿ. ಎಲ್ಲರೂ ಎದ್ದು ಮೈಸೂರು ಪಾಕಿನ ಕಡೆ ಹೋದರು. ಸರ್ವರ್ ಸಂಜೆಯವರೆಗೂ ಬಿದ್ದೇ ಇತ್ತು.

"ಸರ್ವರ್ ಒತ್ತು. ಮೈಸೂರು ಪಾಕ್ ನುಂಗು," ಎಂದೆ.

ಮುಂದಿನ ಸಲ ಸರ್ವರ್ ಬಿದ್ದಾಗ ಹಾಗೇ ಮಾಡಿದ. ಎಲ್ಲರೂ ದಡಬಡ ಓಡಿದರು. ಅರ್ಧ ಗಂಟೆಯಲ್ಲಿ ರಿಪೇರಿ. ಆದರೆ ಭಾನುವಾರ ಹುಡುಗನ ಮುಖ ಬಾಡಿತ್ತು.

"ಡಬ್ಬಿ ಹಾಗೇ ವಾಪಸ್ ಬಂತು ಸಾರ್. ಯಾರೂ ಮುಟ್ಟಿಲ್ಲ. ಈಗ ನಮ್ಮನೆಯವಳು ಒತ್ತಿ ಒತ್ತಿ ಮಾತಾಡ್ತಿದಾಳೆ."

ಮನೆಯಲ್ಲಿ ಅಭ್ಯಾಸ

ನಮ್ಮ ಮನೆಗಳಲ್ಲಿ ಒಂದು ಪದ ಒತ್ತಿ ಹೇಳಿದರೆ ಜಗಳ ಶುರುವಾಯಿತು ಎಂದೇ ಲೆಕ್ಕ. ಮೇಡಂಗೆ ಇದು ಹೊಳೆದಿರಲಿಲ್ಲ. ಊಟದ ಹೊತ್ತಿಗೆ, ಅನ್ನ ಮೇಜಿನ ಮೇಲಿದೆ ಎಂದು ಇಂಗ್ಲಿಷಿನಲ್ಲಿ ಗಂಡನಿಗೆ ಹೇಳಿದರು. ಅನ್ನಕ್ಕೆ ಒಂದು ಒತ್ತು, ಮೇಜಿಗೆ ಒಂದು ಒತ್ತು.

ಗಂಡ ಮಾತಿಲ್ಲದೆ ಉಂಡರು. ಮಾತಿಲ್ಲದೆ ಪಾತ್ರೆ ತೊಳೆದರು. ಮಗಳು ತಟ್ಟೆಯಿಂದ ತಲೆ ಎತ್ತಿ, "ಅಮ್ಮೀ, ವೈ ಆರ್ ಯೂ ಮ್ಯಾಡ್ ಅಟ್ ಅಬ್ಬಾ?" ಎಂದಳಂತೆ, ಅಪ್ಪನ ಮೇಲೆ ಯಾಕೆ ಸಿಟ್ಟು ಅಂತ. ಮಾರನೆಯ ದಿನ ಗಂಡ ಹೇಳದೆಯೇ ಬಟ್ಟೆ ಮಡಚಿದರು. ಕೊನೆಗೆ ಹತ್ತಿರ ಬಂದು, "ನಾನು ಏನು ಮಾಡಿದೀನಿ ಅಂತ ಹೇಳಿಬಿಡು," ಎಂದರಂತೆ.

"ಅಭ್ಯಾಸ ಮಾಡ್ತಿದೀನಿ ಅಂತ ಹೇಳಿದ್ರಾ?" ಎಂದು ಕೇಳಿದೆ.

"ಇನ್ನೂ ಇಲ್ಲ ಸಾರ್. ಕಿಟಕಿ ಒರೆಸೋದು ಬಾಕಿ ಇದೆ."

ಕೌಂಟರ್

ಆ ದಿನ ಬಂತು. ಶುಕ್ರವಾರ. ಭಾನುವಾರ ಮೇಡಂ ಗ್ಯಾರೇಜಿಗೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಕೂತರು. ಇಂಜಿನಿಯರನೂ ತಾಳ ನಿಲ್ಲಿಸಿದ.

"ಹೇಳಿ," ಎಂದೆ.

ಮೊದಲ ಗಿರಾಕಿ ಕೋಲು ಹಿಡಿದ ಒಬ್ಬ ಅಮೆರಿಕನ್ ಅಜ್ಜ. ನನಗಿಂತ ಸಿಡುಕು ಮುಖವಂತೆ. ಮ್ಯಾನೇಜರ್ ಹಿಂದೆಯೇ ನಿಂತಿದ್ದಳು. ಯಾವ ಮಾತ್ರೆ, ಯಾವಾಗ, ಊಟಕ್ಕೆ ಮುಂಚೆಯೋ ಆಮೇಲೋ, ಮೇಡಂ ಎಲ್ಲ ಒತ್ತಿ ಹೇಳಿದರು. ಅಜ್ಜ ಒಮ್ಮೆಯೂ 'ವಾಟ್' ಎನ್ನಲಿಲ್ಲ. ಇನ್ನು ಬೀಳ್ಕೊಡುವ ಒಂದು ಮಾತು ಉಳಿದಿತ್ತು. ಆ ಅಂಗಡಿಯಲ್ಲಿ ಎಲ್ಲರಿಗೂ 'ಸೀ ಯೂ ಅಗೇನ್ ಸೂನ್' ಎನ್ನಬೇಕು.

"ಔಷಧಿ ಅಂಗಡೀಲಿ ಮತ್ತೆ ಬನ್ನಿ ಅಂತ ಹೇಗೆ ಹೇಳ್ಲಿ ಸಾರ್? ನಮ್ಮ ಕಡೆ ಯಾರಾದ್ರೂ ಹೇಳ್ತಾರಾ? ಬಾಯಿ ಬರ್ಲಿಲ್ಲ."

"ಏನು ಹೇಳಿದ್ರಿ?"

"ಪ್ಲೀಸ್ ಡೋಂಟ್ ಕಮ್ ಅಗೇನ್."

ನಾನು ಕಣ್ಣು ಮುಚ್ಚಿದೆ. "ಒತ್ತು ಎಲ್ಲಿ?"

"ಡೋಂಟ್ ಮೇಲೊಂದು, ಅಗೇನ್ ಮೇಲೊಂದು. ನೀವು ಕಲಿಸಿದ ಹಾಗೇ. ಇಡೀ ಅಂಗಡಿಗೆ ಕೇಳಿಸ್ತು."

ಮ್ಯಾನೇಜರ್ ಮುಂದೆ ನುಗ್ಗಿ ಕ್ಷಮೆ ಕೇಳತೊಡಗಿದಳು. ಮೇಡಂ ಗಾಬರಿಯಲ್ಲೇ ವಿವರಿಸಿದರು. "ನಿಮಗೆ ಪೂರ್ತಿ ಗುಣವಾಗಲಿ, ಇಲ್ಲಿಗೆ ಬರುವ ಪ್ರಸಂಗವೇ ಬಾರದಿರಲಿ, ಅಷ್ಟೇ ನನ್ನ ಆಸೆ." ಅಜ್ಜ ಇಬ್ಬರನ್ನೂ ನೋಡಿದ. ಮ್ಯಾನೇಜರಿಗೆ ಹೇಳಿದ: "ಈ ಕೌಂಟರಿನಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಮಾತು ಇದು."

ಕೌಂಟರ್ ಮೇಡಂದಾಯಿತು.

"ಮತ್ತೆ ಮುಖ ಯಾಕೆ ಹೀಗಿದೆ?" ಎಂದೆ.

"ಆ ಅಜ್ಜ ನಿನ್ನೇನೇ ಮತ್ತೆ ಬಂದ್ರು ಸಾರ್."

"ಔಷಧಿಗಾ?"

"ಅಲ್ಲ. ಹೆಂಡತೀನ ಕರ್ಕೊಂಡು ಬಂದಿದ್ರು. ನನ್ನ ಮುಂದೆ ನಿಲ್ಲಿಸಿ, 'ಇವಳಿಗೂ ಒಂದ್ಸಲ ಆ ಮಾತು ಹೇಳಿಬಿಡಿ' ಅಂದ್ರು."